ಬೋಟಿನ ಎರಡು ಪಂಖಾ ಮತ್ತು ನನ್ನ ಹೊಟ್ಟೆಕಿಚ್ಚು

ಕಳೆದ ವರ್ಷ ದಸರೆ ಮುಗಿದ ಮರುವಾರ ನಡೆದದ್ದಿದು. ಹಿಡಕಲ್ ಡ್ಯಾಮು ತುಂಬಿ, ಹಿನ್ನೀರು ಹೊಲಗಳ ಬದುವಿನವರೆಗೆ ಬಂದು ನಿಂತಿತ್ತು. ನಡೆದದ್ದನ್ನು ನನ್ನ ಹೆಂಡತಿಗೂ ನಾನು ಅರ್ಧವಷ್ಟೇ ಹೇಳಿದ್ದೇನೆ. ಉಳಿದರ್ಧವನ್ನು ಅವಳು ಇಲ್ಲಿಯೇ ಓದಬೇಕಾಗುತ್ತದೆ. ಓದಲಿ.

ನನ್ನದು ಗೋಕಾಕದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರ್ ವೈಂಡಿಂಗ್ ಮಾಡುತ್ತೇನೆ, ಒಂದು ಹಳೆಯ ಲೇತ್ ಮಶೀನೂ ಇದೆ. ಮೂಡಲಗಿಯಲ್ಲಿ ದಸ್ತಗೀರನದು ಅಂಥದ್ದೇ ಅಂಗಡಿ. ನಾವಿಬ್ಬರೂ ಮೀಸೆ ಮೂಡುವ ವಯಸ್ಸಿನಲ್ಲಿ ಮಲ್ಲಪ್ಪ ಕಾಕಾ ಎಂಬ ಮಿಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಒಂದೇ ಡಬ್ಬಿಯ ರೊಟ್ಟಿ ತಿಂದಿದ್ದೇವೆ, ಒಂದೇ ಸ್ಪ್ಯಾನರಿಗೆ ಜಗಳಾಡಿದ್ದೇವೆ. ಜನ ನಮ್ಮನ್ನು ಜೀವದ ಗೆಳೆಯರು ಅನ್ನುತ್ತಾರೆ. ಗೆಳೆಯರೇ, ಸುಳ್ಳಲ್ಲ. ಆದರೆ ಅವನ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಲಿಕ್ಕೆ ಬರುವುದಿಲ್ಲ.

ಅವನು ಓಡುವ ಪಂಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಡಿಕೆಗೆ ಕಿವಿ ಹಚ್ಚಿ, ಯಾವ ಬೇರಿಂಗ್ ಹೋಗಿದೆ ಅಂತ ಹೇಳಿಬಿಡುತ್ತಾನೆ. ನಾನು ಪೂರ್ತಿ ಬಿಚ್ಚಿ ನೋಡಬೇಕು. ನಮ್ಮ ಮಮದಾಪುರ ಕಡೆಯ ರೈತರು ಕೆಟ್ಟ ಪಂಪನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು, ನನ್ನ ಅಂಗಡಿ ಮುಂದಿನಿಂದಲೇ ಮೂಡಲಗಿಗೆ ಹೋಗುತ್ತಾರೆ. ಹೋಗುವಾಗ ನನಗೆ ಕೈ ಬೇರೆ ಬೀಸುತ್ತಾರೆ. ಆ ಕೈ ನೋಡಿದಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಘೋಡಗೇರಿಯ ಈರಗೌಡರು ಹಿನ್ನೀರಿನಲ್ಲಿ ಪ್ರವಾಸಿಗರನ್ನು ತಿರುಗಿಸಲೆಂದು ಸಮುದ್ರದ ಕಡೆಯಿಂದ ಒಂದು ಹಳೆಯ ಬೋಟು ತರಿಸಿದರು. ಹಿಂದೆ ಎರಡು ಎಂಜಿನ್ ತೂಗುಹಾಕಿದ, ಬಿಳಿ ಬಣ್ಣದ, ಜೋರಾದ ಬೋಟು. ಮಾರಿದವನು ಮಾತ್ರ ಜಾಣ, ಎರಡೂ ಎಂಜಿನ್ನಿನ ಪ್ರೊಪೆಲ್ಲರ್ ಬಿಚ್ಚಿಟ್ಟುಕೊಂಡೇ ಬೋಟು ಕಳಿಸಿದ್ದ. ನಮ್ಮ ಕಡೆ ಅದಕ್ಕೆ ಪಂಖಾ ಅಂತಲೇ ಕರೆಯುತ್ತಾರೆ. ಪಂಖಾ ಇಲ್ಲದ ಬೋಟು ಎರಡು ವಾರ ಗೌಡರ ಕಬ್ಬಿನ ಗದ್ದೆಯ ಪಕ್ಕದಲ್ಲಿ ಟ್ರೇಲರ್ ಮೇಲೆ ಕೂತಿತ್ತು. ಅದರ ನೆರಳಲ್ಲಿ ಅವರ ಎಮ್ಮೆ ಮಲಗುತ್ತಿತ್ತು.

ಗೌಡರು ನಮ್ಮಿಬ್ಬರನ್ನೂ ಒಂದೇ ದಿನ ಕರೆಸಿದರು. ಪಂಖಾ ಆರಿಸಿ ಕೂಡಿಸಿ ಬೋಟು ಸರಿಯಾಗಿ ಓಡಿಸಿಕೊಟ್ಟವರಿಗೆ ಅದರ ಮುಂದಿನ ಕೆಲಸವೆಲ್ಲ ಕಾಯಂ, ಮುಂದಿನ ವರ್ಷ ಇನ್ನೂ ಎರಡು ಬೋಟು ಬರುತ್ತವೆ ಎಂದರು. ನನಗೆ ಬಾಯಲ್ಲಿ ನೀರು ಬಂತು. ಪಂಪು ರಿಪೇರಿ ಮಾಡುವವರು ಊರಿಗೆ ನಾಲ್ವರಿದ್ದಾರೆ. ಬೋಟಿನ ಮಿಸ್ತ್ರಿ ಅಂದರೆ ಮೂರು ತಾಲೂಕಿಗೆ ನಾನೊಬ್ಬನೇ ಆಗುತ್ತಿದ್ದೆ.

ಬೋಟಿನ ಪಂಖದ ಮೇಲೆ ಎರಡು ಅಂಕಿ ಕೊರೆದಿರುತ್ತಾರೆ. ಮೊದಲನೆಯದು ಅದರ ಅಗಲ. ಎರಡನೆಯದಕ್ಕೆ ಪಿಚ್ ಅನ್ನುತ್ತಾರೆ, ಅಂದರೆ ಪಂಖಾ ಒಂದು ಸುತ್ತು ತಿರುಗಿದರೆ, ಕಟ್ಟಿಗೆಯೊಳಗೆ ಸ್ಕ್ರೂ ಹೋದಂತೆ, ನೀರಿನಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಅಷ್ಟು ನನಗೂ ಗೊತ್ತಿತ್ತು. ಗೌಡರು ಕೇಳಿದ ತಕ್ಷಣ ನಾನೇ ಮೊದಲು ಬಾಯಿ ಹಾಕಿದೆ.

"ದೊಡ್ಡ ನಂಬರ್ ಹಾಕ್ರಿ ಗೌಡ್ರ. ಹತ್ತೊಂಬತ್ತರ ಪಿಚ್ ತರಸ್ರಿ. ಬೋಟ್ ನೀರಿನ ಮ್ಯಾಲ ಹಾರಿಕೊಂತ ಹೊಕ್ಕೈತಿ."

ದಸ್ತಗೀರ ಬೋಟಿನ ಸುತ್ತ ಒಂದು ಸುತ್ತು ಹಾಕಿ ಬಂದು ಕೇಳಿದ, "ಎಷ್ಟ ಮಂದಿ ಕುಂಡರತಾರ್ರಿ ಇದರಾಗ?"

"ಹನ್ನೆರಡು. ರಜಾ ದಿನ ಹದಿನಾಲ್ಕ ಹಿಡೀರಿ" ಅಂದರು ಗೌಡರು.

"ಹಂಗಾರ ಹದಿನೈದರ ಪಿಚ್ ಸಾಕ್ರಿ. ಹತ್ತೊಂಬತ್ತು ಹಾಕಿದರ ಖಾಲಿ ಇದ್ದಾಗ ಹಾರತೈತಿ, ಖರೆ. ಮಂದಿ ಕುಂತರ ಎಂಜಿನ್ ಏದುಸಿರು ಬಿಡತೈತಿ. ಕಬ್ಬು ಹೇರಿದ ಟ್ರ್ಯಾಕ್ಟರ್‌ನ ಏರಿನ್ಯಾಗ ನಾಲ್ಕನೇ ಗೇರ್ ಹಾಕಿ ಹೊಡದರ ಏನ ಆಕ್ಕೈತಿ, ನಿಮಗ ಗೊತ್ತಿಲ್ಲೇನ್ರಿ?"

ಗೌಡರು ನಕ್ಕು ಅವನ ಬೆನ್ನು ಚಪ್ಪರಿಸಿದರು. "ನೀನ ನೋಡಪಾ ಹಂಗಾರ" ಎಂದರು. ಮುಗಿಯಿತು. ಎಷ್ಟು ಮಂದಿ ಕೂಡುತ್ತಾರೆ ಎಂದು ಕೇಳಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಬರುವಾಗ ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಅವನು ಘಟಪ್ರಭಾ ಸ್ಟೇಶನ್‌ವರೆಗೂ ಏನೇನೋ ಮಾತಾಡಿದ. ನಾನು ಹೂಂ ಹೂಂ ಅನ್ನುತ್ತಿದ್ದೆ. ಹೊಟ್ಟೆಯೊಳಗೆ ಒಲೆ ಹೊತ್ತಿತ್ತು.

ಮರುದಿನದಿಂದ ನಾನು ಬೋಟಿನ ಪಂಖದ ವಿಡಿಯೋ ನೋಡಲು ಶುರುಮಾಡಿದೆ. ಊಟಕ್ಕೆ ಕೂತಾಗ ಮೊಬೈಲು, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೊಬೈಲು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ.

"ನಿಮಗೇನ ಆ ಕೆಲಸ ಕೊಟ್ಟಿಲ್ಲಲ್ರಿ. ಪರೀಕ್ಷಾ ಬಂದವರಂಗ ಯಾಕ ಓದಾಕತ್ತೀರಿ?" ಎಂದಳು ಹೆಂಡತಿ ಶಾಂತಾ, ಪಲ್ಯ ಬಡಿಸುತ್ತ.

"ಸುಮ್ಮ ತಿಳಕೊಳ್ಳಾಕ" ಎಂದೆ.

"ದಸ್ತಗೀರಣ್ಣಾರದು ತಪ್ಪು ಎಲ್ಲಿ ಸಿಗತೈತಿ ಅಂತ ಹುಡಕಾಕತ್ತೀರಿ" ಎಂದು ಪಲ್ಯದ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು. ಅವಳ ಹತ್ತಿರ ಏನೂ ಮುಚ್ಚಿಡಲಾಗುವುದಿಲ್ಲ.

ಆ ಓದಿನಿಂದ ಒಂದು ಸಂಗತಿ ತಿಳಿಯಿತು. ಎರಡು ಎಂಜಿನ್ನಿನ ಬೋಟಿನಲ್ಲಿ ಒಂದು ಪಂಖಾ ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗಬೇಕು, ಇಲ್ಲವಾದರೆ ಬೋಟು ಒಂದು ಬದಿಗೆ ಎಳೆಯುತ್ತದೆ. ಎರಡರ ರೆಕ್ಕೆಯ ಓರೆ ಬೇರೆ, ಆದರೆ ನಡುವಿನ ತೂತು ಒಂದೇ ಅಳತೆ. ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಕೂಡಿಸಬಹುದು. ಅದಲುಬದಲಾಗಿ ಕೂಡಿಸಿದರೆ ಮುಂದಿನ ಗೇರು ಹಾಕಿದಾಗ ಬೋಟು ಹಿಂದಕ್ಕೆ ಬರುತ್ತದೆ.

ಬಲ ಯಾವುದು ಎಡ ಯಾವುದು ಅನ್ನುವಲ್ಲೇ ತೊಡಕು. ಪಂಪಿನವರಾದ ನಾವು ಮೋಟಾರಿನ ಬೆನ್ನಿಗೆ ನಿಂತು, ಪಂಪಿನ ಕಡೆ ಮುಖ ಮಾಡಿ, ಇದು ಬಲಕ್ಕೆ ತಿರುಗುತ್ತದೆ ಅನ್ನುತ್ತೇವೆ. ಬೋಟಿನವರು ಬೋಟಿನ ಹಿಂದೆ ನಿಂತು, ಎಂಜಿನ್ ಕಡೆ ಮುಖ ಮಾಡಿ ಹೇಳುತ್ತಾರೆ. ಎದುರುಬದುರು ನಿಂತ ಇಬ್ಬರಿಗೆ ಒಂದೇ ಚಕ್ರ ಬೇರೆ ಬೇರೆ ಕಡೆ ತಿರುಗಿದಂತೆ ಕಾಣುತ್ತದೆ, ಅಷ್ಟೇ. ನಮ್ಮ ಧಂದೆಯಲ್ಲಿ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಮೋಟಾರು ಉಲ್ಟಾ ತಿರುಗಿದರೆ ಎರಡು ವೈರು ಅದಲುಬದಲು ಮಾಡಿದರಾಯಿತು.

ಹೊಸ ಪಂಖಾ ಬಂದ ಮೇಲೆ ದಸ್ತಗೀರ ಫೋನ್ ಮಾಡಿದ. "ನಾಳೆ ಕುಂಡ್ರಿಸಿ ಟ್ರಯಲ್ ಮಾಡೂದೈತಿ. ನೀನೂ ಬಾರಪಾ ಬಸು. ಎರಡ ಕಣ್ಣಿಗಿಂತ ನಾಲ್ಕ ಕಣ್ಣ ಚಲೋ."

ಹೋದೆ. ಅವನಿಗೆ ಸಹಾಯ ಮಾಡಲೆಂದು ಹೋಗಲಿಲ್ಲ. ಅವನು ಎಲ್ಲಾದರೂ ತಪ್ಪಲಿ, ಹತ್ತು ಜನರ ಮುಂದೆ ಅವನ ಮುಖ ಸಪ್ಪಗಾಗಲಿ, ಅದನ್ನು ಕಣ್ಣಾರೆ ನೋಡೋಣ ಅಂತ ಹೋದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ.

ಹುಕ್ಕೇರಿ ತಾಲೂಕಿನ ಹಿನ್ನೀರಿನ ದಂಡೆಯಲ್ಲಿ ಬೆಳಿಗ್ಗೆಯೇ ಜನ ಸೇರಿದ್ದರು. ಬೋಟನ್ನು ನೀರಿಗೆ ಬಿಟ್ಟು, ಮೂತಿ ಆಳದ ಕಡೆಗೆ, ಹಿಂಭಾಗ ದಂಡೆಯ ಕಡೆಗೆ ಮಾಡಿ ಹಗ್ಗ ಕಟ್ಟಿದ್ದರು. ಎಂಜಿನ್ನುಗಳನ್ನು ನೀರಿನಿಂದ ಮೇಲಕ್ಕೆ ಎತ್ತಿ ನಿಲ್ಲಿಸಿದ್ದರು. ದಸ್ತಗೀರ ಬೋಟಿನೊಳಗೆ ನಿಂತು, ಎಂಜಿನ್ನಿನ ಮುಚ್ಚಳ ತೆಗೆದು, ಮುಂದಿನ ಗೇರು ಹಾಕಿ, ಒಳಗಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದ. ಒಳಗಿನಿಂದಲೇ ಬಗ್ಗಿ ಕೆಳಗಿನ ಶಾಫ್ಟು ಯಾವ ಕಡೆ ತಿರುಗುತ್ತದೆ ಎಂದು ನೋಡಿದ. ಒಂದು ಎಂಜಿನ್ನಿನ ಮೇಲೆ ಚಾಕ್‌ಪೀಸಿನಿಂದ 'ಬಲ' ಎಂದು ಬರೆದ, ಇನ್ನೊಂದರ ಮೇಲೆ 'ಎಡ'. ನಾನು ದಂಡೆಯ ಮೇಲೆ, ಬೋಟಿನ ಹಿಂದೆ ನಿಂತಿದ್ದೆ. ನನಗೆ ಕಂಡದ್ದು ಅದರ ಉಲ್ಟಾ.

ಅವನು ಮೋಟಾರಿನ ಬೆನ್ನಿಗೆ ನಿಂತು ನೋಡಿದ್ದ. ಮಲ್ಲಪ್ಪ ಕಾಕಾ ಕಲಿಸಿದ್ದು ಹಾಗೆಯೇ.

ಆಮೇಲೆ ನೀರಿಗೆ ಇಳಿದು, ಬೋಟಿನವರ ಲೆಕ್ಕದಲ್ಲಿ ಎಡದ್ದೆಂದು ಗುರುತಿದ್ದ ಪಂಖವನ್ನು 'ಎಡ' ಬರೆದ ಎಂಜಿನ್ನಿಗೆ, ಇನ್ನೊಂದನ್ನು ಇನ್ನೊಂದಕ್ಕೆ ಕೂಡಿಸಿ ನಟ್ಟು ಬಿಗಿದ. ಅಚ್ಚುಕಟ್ಟು ಕೆಲಸ. ಮುಗಿಸಿ ನನ್ನ ಕಡೆ ತಿರುಗಿ, "ಬಸು, ನೋಡ ಬಾ" ಎಂದ.

ಇದು ನಮ್ಮ ಕಾಕಾನ ಅಂಗಡಿಯ ಪದ್ಧತಿ. ಒಬ್ಬ ಕೆಲಸ ಮುಗಿಸಿದ ಮೇಲೆ ಕರೆಂಟು ಕೊಡುವ ಮೊದಲು ಇನ್ನೊಬ್ಬ ಬಂದು ನೋಡಬೇಕು. ತಪ್ಪು ಕಂಡರೆ ಹೇಳಬೇಕು. ಸರಿ ಇದ್ದರೆ ಸುಮ್ಮನೆ ಹೋಗಬೇಕು, ಹೊಗಳುವ ಚಟ ಬೇಡ ಅನ್ನುತ್ತಿದ್ದ ಕಾಕಾ. ಹಾಗಾಗಿ ನಮ್ಮಲ್ಲಿ ಸುಮ್ಮನಿದ್ದರೆ ಸರಿ ಇದೆ ಎಂದೇ ಅರ್ಥ.

ನಾನು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗೆ ಇಳಿದೆ. ಬಗ್ಗಿ ನೋಡಿದೆ. ಪಂಖಾ ಎರಡೂ ಅದಲುಬದಲಾಗಿದ್ದವು, ಅನುಮಾನವೇ ಇರಲಿಲ್ಲ. ಎದೆ ಡವಗುಟ್ಟಿತು. ಹೆದರಿಕೆಯಿಂದಲ್ಲ, ಸಂತೋಷದಿಂದ. ಈಗ ಗೌಡರು, ಊರವರು, ಎಲ್ಲರೂ ನೋಡುತ್ತಿರುವಾಗ ಬೋಟು ಮೊಂಡ ಎತ್ತಿನಂತೆ ಹಿಂದಕ್ಕೆ ಸರಿಯುತ್ತದೆ, ಎಲ್ಲರೂ ಹೋ ಅಂತ ನಗುತ್ತಾರೆ, ಆಗ ನಾನು ಮುಂದೆ ಬಂದು ಕಾರಣ ಹೇಳುತ್ತೇನೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಏನೂ ಹೇಳದೆ ದಂಡೆಗೆ ಬಂದು ಕಾಲು ಒರೆಸಿಕೊಂಡೆ. ದಸ್ತಗೀರ ನನ್ನ ಮುಖ ನೋಡಿದ, ಆಮೇಲೆ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡ.

ಹದಿನಾಲ್ಕು ಮಂದಿಯ ಭಾರ ಬೇಕೆಂದು ಗೌಡರು ತಮ್ಮ ಮನೆಯವರನ್ನೂ ಆಳುಗಳನ್ನೂ ಬೋಟಿಗೆ ಹತ್ತಿಸಿದರು. ನಡೆಸುವವನು ಯಲ್ಲಪ್ಪ, ಅಲ್ಲೇ ಮೀನು ಹಿಡಿಯುವವನು. ಎಂಜಿನ್ ಎಷ್ಟು ಸುತ್ತು ತಿರುಗುತ್ತದೆಂದು ಮೀಟರು ನೋಡಿ ಕೂಗಿ ಹೇಳಲು ನನ್ನನ್ನು ಯಲ್ಲಪ್ಪನ ಪಕ್ಕದಲ್ಲಿ ಕೂಡಿಸಿದರು. ಎಂಜಿನ್ನುಗಳನ್ನು ನೀರಿಗೆ ಇಳಿಸಿದರು. ಹಗ್ಗ ಬಿಚ್ಚಿದರು. ಎರಡೂ ಎಂಜಿನ್ ಶುರುವಾದವು.

ಜನ ಕೂತ ಭಾರಕ್ಕೆ ಬೋಟಿನ ತಳ ರಾಡಿಗೆ ಕಚ್ಚಿಕೊಂಡಿತ್ತು. "ತಡೀರಿ, ನಾ ನೂಕತೇನಿ" ಎಂಬ ದನಿ ಕೇಳಿ ಹಿಂತಿರುಗಿ ನೋಡಿದೆ. ದಸ್ತಗೀರ ತೊಡೆಮಟ್ಟ ನೀರಿಗೆ ಇಳಿದು, ಎರಡು ಎಂಜಿನ್ನುಗಳ ನಡುವೆ ನಿಂತು, ಬೋಟಿಗೆ ಎದೆ ಕೊಟ್ಟಿದ್ದ. "ಹಾಕೋ ಯಲ್ಲಪ್ಪ ಗೇರು. ಮುಂದ ಹೋಗಲಿ" ಎಂದ.

ಬೋಟು ಮುಂದೆ ಹೋಗುವುದಿಲ್ಲ ಅನ್ನುವುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಯಲ್ಲಪ್ಪನ ಕೈ ಗೇರಿನ ಮೇಲಿತ್ತು. ಕೂಗಬೇಕಿತ್ತು. ಆ ಒಂದು ಕ್ಷಣದಲ್ಲೂ, ಹೇಳಿದರೆ ಮೊದಲೇ ನೋಡಿದ್ದು ಗೊತ್ತಾಗುತ್ತದಲ್ಲ ಅನ್ನುವ ವಿಚಾರ ಬಂತು. ಇದನ್ನೇ ನಾನು ಶಾಂತಾಳಿಗೆ ಹೇಳಿಲ್ಲ. ಯಲ್ಲಪ್ಪ ಗೇರು ಹಾಕಿದ. ಬೋಟು ಹಿಂದಕ್ಕೆ ಜಗ್ಗಿತು. ಹಿಂದಿನಿಂದ "ಯಾ ಅಲ್ಲಾ" ಎಂಬ ಕೂಗು ಕೇಳಿತು. ಆಗ ನಾನು ಯಲ್ಲಪ್ಪನ ಮೈಮೇಲೆ ಬಿದ್ದು, ಅವನ ಮುಂಗೈಗೆ ಸಿಕ್ಕಿಸಿದ್ದ ಕೆಂಪು ದಾರ ಜಗ್ಗಿದೆ. ಆ ದಾರ ಕಿತ್ತರೆ ಎರಡೂ ಎಂಜಿನ್ ನಿಲ್ಲುತ್ತವೆ ಎಂದು ವಿಡಿಯೋದಲ್ಲಿ ನೋಡಿದ್ದೆ. ನಿಂತವು.

ದಸ್ತಗೀರನ ಪ್ಯಾಂಟಿನ ಬಟ್ಟೆ ಪಂಖಕ್ಕೆ ಸುತ್ತಿಕೊಂಡಿತ್ತು. ಮೀನಖಂಡ ಗೇಣುದ್ದ ಸೀಳಿ ನೀರು ಕೆಂಪಾಗಿತ್ತು. ಎಂಜಿನ್ ಇನ್ನು ನಾಲ್ಕು ಸುತ್ತು ತಿರುಗಿದ್ದರೆ ಕಾಲೇ ಹೋಗುತ್ತಿತ್ತು. ಬಟ್ಟೆ ಕತ್ತರಿಸಿ ಅವನನ್ನು ದಂಡೆಗೆ ಎತ್ತಿ ತಂದು, ಟವೆಲಿನಿಂದ ಬಿಗಿಯಾಗಿ ಕಟ್ಟಿದೆವು. ಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬಸವರಾಜ, ದೇವರು ಬಂದಂಗ ಬಂದಿ ನೋಡು. ನೀ ಇರಲಿಲ್ಲಂದ್ರ ಇವನ ಕಾಲ ಹೋಗತಿತ್ತು. ಇನ್ನ ಮ್ಯಾಲ ಬೋಟ್ ನಿನ್ನ ಕೈಯಾಗ."

ಸುತ್ತ ನಿಂತವರು ಹೌದು ಹೌದು ಎಂದರು. ನಾನು ಎರಡು ವಾರದಿಂದ ಕನಸಿನಲ್ಲಿ ಕೇಳುತ್ತಿದ್ದ ಮಾತು ಇದೇ. ಗೌಡರು ಗಾಡಿ ತರಿಸಲು ಆ ಕಡೆ ಹೋದಾಗ ದಸ್ತಗೀರನ ಹತ್ತಿರ ನಾನೊಬ್ಬನೇ ಉಳಿದೆ. ಅವನು ಪಂಖವನ್ನೇ ನೋಡುತ್ತ ಕೂತಿದ್ದ. ಎಲ್ಲಿ ತಪ್ಪಿತೆಂದು ಅವನಿಗೆ ಆಗಲೇ ತಿಳಿದಿತ್ತು. ಅಂಥ ತಲೆ ಅವನದು.

"ನೀ ನೋಡಿದ್ದಿಯಲ್ಲೋ ಬಸು" ಎಂದ, ಮೆಲ್ಲಗೆ.

"ನೋಡಿದ್ದೆ."

"ನೀ ಸುಮ್ಮನ ಇದ್ದಿ ಅಂತನ ನಾ ಹಿಂದ ಇಳದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಗಾಡಿ ಬಂತು, ಅವನನ್ನು ಹತ್ತಿಸಿಕೊಂಡು ಗೋಕಾಕದ ದವಾಖಾನೆಗೆ ಹೋದೆವು. ಹೊಲಿಗೆ ಹಾಕುವಾಗ ಅವನು ನನ್ನ ಕೈ ಹಿಡಿಯಲಿಲ್ಲ, ಮಂಚದ ಸರಳು ಹಿಡಿದುಕೊಂಡ.

ಮೂರು ದಿನ ಬಿಟ್ಟು ಮತ್ತೆ ಟ್ರಯಲ್ ಆಯಿತು. ಪಂಖಾ ಅದಲುಬದಲು ಮಾಡಿ ನಾನೇ ಕೂಡಿಸಿದೆ. ಹದಿನಾಲ್ಕು ಮಂದಿಯನ್ನು ಹೊತ್ತು ಬೋಟು ಹಗುರವಾಗಿ ಹೋಯಿತು. ಎಂಜಿನ್ನಿನ ಪುಸ್ತಕದಲ್ಲಿ ಬರೆದಷ್ಟೇ ಸುತ್ತು ತೋರಿಸಿ ಮೀಟರಿನ ಮುಳ್ಳು ನಿಂತಿತು. ದಸ್ತಗೀರ ಹೇಳಿದ ಹದಿನೈದರ ಪಿಚ್ಚೇ ಸರಿ ಇತ್ತು. ನನ್ನ ಹತ್ತೊಂಬತ್ತನ್ನು ಹಾಕಿದ್ದರೆ ಎಂಜಿನ್ ಒಂದು ಹಂಗಾಮು ಬಾಳುತ್ತಿರಲಿಲ್ಲ. ಅಷ್ಟಾದರೂ ಹೇಳಬೇಕೆನಿಸಿತು. "ಗೌಡ್ರ, ಆರಿಸಿದ್ದು ದಸ್ತಗೀರ. ಬೋಟಿನ ಕೆಲಸ ಅವಂದ. ನನಗ ಬ್ಯಾಡ್ರಿ" ಎಂದೆ. ಗೌಡರು, "ಎಂಥಾ ದೊಡ್ಡ ಮನಸ್ಸಪಾ ನಿಂದು" ಎಂದುಬಿಟ್ಟರು. ಪೂರ್ತಿ ಸತ್ಯ ಹೇಳಲು ಧೈರ್ಯ ಸಾಲದ ಮನುಷ್ಯನಿಗೆ ಇಂಥ ಹೊಗಳಿಕೆಗಿಂತ ದೊಡ್ಡ ಶಿಕ್ಷೆ ಬೇರಿಲ್ಲ.

ಆ ಸಂಜೆಯೇ ಮೂಡಲಗಿಗೆ ಹೋದೆ. ದಸ್ತಗೀರ ಕಾಲು ಚಾಚಿಕೊಂಡು ಕೂತಿದ್ದ. ಅವನ ಹೆಂಡತಿ ಮಲಿಕಾ ಚಹಾ ತಂದು ಕೊಟ್ಟು, "ಅಣ್ಣಾರ, ನಿಮ್ಮಿಂದ ಇವರ ಕಾಲ ಉಳೀತ್ರಿ. ನಮ್ಮ ಮನಿ ಮಂದಿ ನಿಮ್ಮನ್ನ ಮರಿಯಂಗಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಅವರಿಗೆ ಏನೂ ಹೇಳಿರಲಿಲ್ಲ. ಅವರು ಒಳಗೆ ಹೋದ ಮೇಲೆ ನಾನು ಹೇಳಿದೆ, ಹೊಟ್ಟೆಕಿಚ್ಚಿನಿಂದ ಸುಮ್ಮನಿದ್ದೆ, ಅದು ನಿನ್ನ ಕಾಲಿಗೇ ಬರುತ್ತದೆ ಅಂತ ತಿಳಿದಿರಲಿಲ್ಲ, ತಪ್ಪಾಯಿತು.

"ಗೊತ್ತೈತಿ" ಎಂದ ದಸ್ತಗೀರ. "ಚಾ ಆರತೈತಿ. ಕುಡಿ."

ಈಗ ಅವನ ಕಾಲು ವಾಸಿಯಾಗಿದೆ, ಸ್ವಲ್ಪ ಕುಂಟುತ್ತಾನೆ. ನಮ್ಮ ಮಾತುಕತೆ ನಿಂತಿಲ್ಲ. ಈ ವರ್ಷ ಗೌಡರ ಎರಡನೇ ಬೋಟು ಬಂದಾಗ ನನ್ನನ್ನೂ ಕರೆದ. ಪಂಖಾ ಕೂಡಿಸಿ, "ನೋಡು" ಎಂದ. ನಾನು ನಾಲ್ಕು ಸಲ ಬಗ್ಗಿ ನೋಡಿದೆ. ಎಲ್ಲ ಸರಿ ಇತ್ತು. ಹಳೆಯ ರೂಢಿಯಂತೆ ಸುಮ್ಮನೆ ದಂಡೆಯ ಕಡೆ ತಿರುಗಿದೆ.

"ಹಂಗ ಹೋಗಬ್ಯಾಡ. ಸರಿ ಐತಿ ಅಂತ ಬಾಯಿಲೆ ಹೇಳು" ಎಂದ. ಸಿಟ್ಟಿನಿಂದಲ್ಲ, ಗಿರಾಕಿಯ ಹತ್ತಿರ ಮಾತಾಡುವ ಹಾಗೆ.

"ಸರಿ ಐತಿ" ಎಂದೆ.

ಅವನು ಅಷ್ಟಕ್ಕೇ ಬಿಡಲಿಲ್ಲ. ಯಲ್ಲಪ್ಪನನ್ನು ಕರೆದ. ಈ ಒಂದು ವರ್ಷದಲ್ಲಿ ಯಲ್ಲಪ್ಪ ಅವನ ಕೈಕೆಳಗೆ ಅಷ್ಟಿಷ್ಟು ಕೆಲಸ ಕಲಿತಿದ್ದಾನೆ. ಅವನೂ ಬಗ್ಗಿ ನೋಡಿದ. ಏನೂ ಹೇಳದೆ ಬೀಡಿ ಹಚ್ಚಿಕೊಂಡು ಬೋಟು ಹತ್ತಿ ಕೂತ. ದಸ್ತಗೀರ ಅವನ ಮುಖವನ್ನು ಒಮ್ಮೆ ನೋಡಿದ, ಬಾಯಿಲೆ ಹೇಳು ಅನ್ನದೆ ಪ್ಯಾಂಟು ಮಡಚಿದ, ಕುಂಟುತ್ತ ಹೋಗಿ ಎರಡು ಎಂಜಿನ್ನುಗಳ ನಡುವೆ ನೀರಿಗೆ ಇಳಿದ.

ದಂಡೆಯ ಮೇಲೆ ನಿಂತಿದ್ದ ನನಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲ ದಸ್ತಗೀರನ ಮೇಲಲ್ಲ, ಯಲ್ಲಪ್ಪನ ಮೇಲೆ.